ಸಿಸೇರಿಯನ್ ನೋವು, ನೋವಿನ ಮಾತ್ರೆ, ಎದೆಹಾಲು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ಮುಂಬೈ ಉಪನಗರದ ಹೆರಿಗೆ ವಾರ್ಡುಗಳಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಆಗಿದ್ದೆ, ಈಗ ಡೊಂಬಿವಲಿಯಲ್ಲಿ ಮನೆಯಲ್ಲೇ ಇದ್ದೇನೆ. ನಾನು ಕೆಲಸ ಬಿಟ್ಟರೂ ಪ್ರಶ್ನೆಗಳು ನನ್ನನ್ನು ಬಿಟ್ಟಿಲ್ಲ. ನಮ್ಮ ಕಡೆಯ ಹುಡುಗಿಯರಲ್ಲಿ ಹೆಚ್ಚಿನವರಿಗೆ ತವರು ದೂರ. ಲೋಕಲ್ ಟ್ರೇನಿನ ಲೇಡೀಸ್ ಡಬ್ಬದಲ್ಲಿ, ಅರಿಶಿನ ಕುಂಕುಮಕ್ಕೆ ಹೋದ ಮನೆಯಲ್ಲಿ, ರಾತ್ರಿ ಎರಡು ಗಂಟೆಗೆ ಬರುವ ವಾಯ್ಸ್ ಮೆಸೇಜಿನಲ್ಲಿ ಅವರು ಕೇಳುವುದು ಹೆಚ್ಚುಕಡಿಮೆ ಇವನ್ನೇ. ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮಾತ್ರೆ ಬರೆಯುವುದು ನಿಮ್ಮ ಡಾಕ್ಟರೇ. ಅವರ ಹತ್ತಿರ ಏನು ಕೇಳಬೇಕು ಅನ್ನುವುದು ನಿಮಗೆ ಗೊತ್ತಿರಲಿ, ಅಷ್ಟೇ.

## ಆಪರೇಷನ್‌ಗೆ ಮುಂಚೆ ಕೇಳುವವು

ಅಕ್ಕಾ, ಬೆನ್ನಿಗೆ ಇಂಜೆಕ್ಷನ್ ಕೊಡ್ತಾರಂತೆ. ಆಗ ಏನೇನಾಗುತ್ತೆ?

ಟೇಬಲ್ಲಿನ ಮೇಲೆ ಕೂರಿಸಿ, ದಿಂಬು ತಬ್ಬಿಕೊಂಡು ಗದ್ದ ಎದೆಗೆ ತಾಗಿಸಿ ಬೆನ್ನು ಬಾಗಿಸಿ ಎನ್ನುತ್ತಾರೆ. ಒಂಬತ್ತು ತಿಂಗಳ ಹೊಟ್ಟೆ ಇಟ್ಟುಕೊಂಡು ಬಾಗುವ ಕಷ್ಟ ಹೇಳುವವರಿಗೆ ಗೊತ್ತಿಲ್ಲ, ಆದಷ್ಟು ಬಾಗಿ. ಸ್ಪಿರಿಟ್ ತಣ್ಣಗೆ ತಾಗುತ್ತದೆ, ಆಮೇಲೆ ಒಂದು ಚುರುಕ್. ಒಳಗೆ ಹೋಗುವ ಔಷಧಿ ಸುಮಾರು 2 ಎಂಎಲ್, ಅಷ್ಟೇ. ಸಾಮಾನ್ಯವಾಗಿ ಮರಗಟ್ಟಿಸುವ ಬುಪಿವಕೇನ್, ಜೊತೆಗೆ ಒಂದು ಚೂರು ಫೆಂಟನಿಲ್ ಎಂಬ ಗಟ್ಟಿ ನೋವಿನ ಔಷಧಿ. ಕಾಲು ಬೆಚ್ಚಗಾಗಿ, ಭಾರವಾಗಿ, ಐದು ಹತ್ತು ನಿಮಿಷದಲ್ಲಿ ನಿಮ್ಮದೇ ಅಲ್ಲ ಅನ್ನಿಸುತ್ತದೆ. ತಣ್ಣನೆಯದೇನಾದರೂ ತಾಗಿಸಿ, ಚಿವುಟಿ ನೋಡಿ, ಪೂರ್ತಿ ಮರಗಟ್ಟಿದೆ ಅಂತ ಖಾತ್ರಿ ಆದ ಮೇಲೆಯೇ ಕೈ ಹಾಕುತ್ತಾರೆ.

ನೋವು ಇರುವುದಿಲ್ಲ, ಆದರೆ ಎಳೆದಾಡುವುದು ಗೊತ್ತಾಗುತ್ತದೆ. ತುಂಬಿದ ಬ್ಯಾಗಿನ ತಳದಲ್ಲಿ ಯಾರೋ ಕೀಲಿಕೈ ಹುಡುಕುತ್ತಿರುವ ಹಾಗೆ. ಇದನ್ನು ಮೊದಲೇ ಹೇಳದಿದ್ದರೆ ಹುಡುಗಿಯರು ಹೆದರಿ ಕಿರುಚುತ್ತಾರೆ. ವಾಕರಿಕೆ ಬಂದರೆ, ತಲೆ ಹಗುರ ಅನ್ನಿಸಿದರೆ ತಕ್ಷಣ ಹೇಳಿ. ಅದು ಬಿಪಿ ಇಳಿಯುತ್ತಿರುವ ಲಕ್ಷಣ, ಅದಕ್ಕೆ ಮದ್ದು ಅವರ ಕೈಯಲ್ಲೇ ಇರುತ್ತದೆ. ನಡುಕವೂ ಬರಬಹುದು, ಹೊದಿಕೆ ಕೇಳಿ.

ಪೂರ್ತಿ ಪ್ರಜ್ಞೆ ತಪ್ಪಿಸಿಬಿಟ್ಟರೆ ಒಳ್ಳೆಯದಲ್ವಾ? ನನಗೆ ನೋಡೋಕೇ ಭಯ

ನೀವು ಏನೂ ನೋಡುವುದಿಲ್ಲ, ಎದೆಯ ಹತ್ತಿರ ಬಟ್ಟೆಯ ಪರದೆ ಕಟ್ಟುತ್ತಾರೆ. ತುಂಬು ಬಸುರಿಗೆ ಪೂರ್ತಿ ಅರಿವಳಿಕೆ ಕೊಟ್ಟರೆ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಹೋಗುವ ಅಪಾಯ ಜಾಸ್ತಿ, ಉಸಿರಿನ ನಳಿಗೆ ಹಾಕುವುದೂ ಕಷ್ಟ. ಅದಕ್ಕೇ ಡಾಕ್ಟರುಗಳು ಬೆನ್ನಿನ ಸೂಜಿಯನ್ನೇ ಇಷ್ಟಪಡುವುದು. ಮಗುವಿನ ಎದೆಬಡಿತ ಇದ್ದಕ್ಕಿದ್ದಂತೆ ಕುಸಿದು ನಿಮಿಷವೂ ಕಳೆಯುವ ಹಾಗಿಲ್ಲದಾಗ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ತೀರಾ ಕಡಿಮೆ ಇದ್ದಾಗ, ರಕ್ತ ತೆಳುವಾಗುವ ಔಷಧಿ ನಡೆಯುತ್ತಿದ್ದಾಗ ಪೂರ್ತಿ ಅರಿವಳಿಕೆ ಕೊಡಬೇಕಾಗಬಹುದು. ಹಾಗೇನಾದರೂ ಆದರೆ ಹಾಲು ಕುಡಿಸಲು ಅಡ್ಡಿ ಏನೂ ಇಲ್ಲ. ಎಚ್ಚರ ಆಗುವವರೆಗೆ ತಡ, ಅಷ್ಟೇ.

ಫಾರ್ಮಿನಲ್ಲಿ 'ಭೂಲ್' ಅಂತ ಬರೆದಿದೆ, ಏನೋ ತಪ್ಪಾಯ್ತು ಅಂದುಕೊಂಡೆ!

ಹೊಸದಾಗಿ ಬಂದವರು ನಗಿಸುವ ಪ್ರಶ್ನೆ ಇದು, ವರ್ಷಕ್ಕೆ ಎರಡು ಸಲವಾದರೂ ಬರುತ್ತದೆ. ಹಿಂದಿಯಲ್ಲಿ ಭೂಲ್ ಅಂದರೆ ತಪ್ಪು, ಮರಾಠಿಯಲ್ಲಿ ಭೂಲ್ ಅಂದರೆ ಅರಿವಳಿಕೆ. 'ಭೂಲತಜ್ಞ' ಅಂದರೆ ಅರಿವಳಿಕೆ ಡಾಕ್ಟರ್, ತಪ್ಪು ಮಾಡುವುದರಲ್ಲಿ ತಜ್ಞ ಅಲ್ಲ. ಇನ್ನೂ ನಾಲ್ಕು ಮಾತು ಕಲಿತುಕೊಳ್ಳಿ: ನೋಯುತ್ತಿದೆ ಅನ್ನಲು 'ದುಖತಯ್', ವಾಕರಿಕೆಗೆ 'ಮಳಮಳತಯ್', ತುರಿಕೆಗೆ 'ಖಾಜ್', ಹೊಲಿಗೆಗೆ 'ಟಾಕೆ'. ನರ್ಸು 'ಚೀಕ್ ಪಾಜಾ' ಅಂದರೆ ಗಿಣ್ಣಿನ ಹಾಲು ಕುಡಿಸಿ ಅಂತ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ, ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಓದಿ ಹೇಳಿ ಅಂತ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಜೀವನಪೂರ್ತಿ ಸೊಂಟನೋವು ಅಂತಾರೆ ಅತ್ತೆ, ನಿಜಾನಾ?

ಸೂಜಿ ಚುಚ್ಚಿದ ಜಾಗ ಮೂರು ನಾಲ್ಕು ದಿನ ಮುಟ್ಟಿದರೆ ನೋಯುತ್ತದೆ, ಅದು ಹೌದು. ವರ್ಷಗಟ್ಟಲೆ ಕಾಡುವ ಸೊಂಟನೋವಿಗೆ ಮಾತ್ರ ಪಾಪ ಆ ಸೂಜಿಯನ್ನು ಬಯ್ಯಬೇಡಿ. ಬಸುರಿನಲ್ಲಿ ಸಂದುಗಳು ಸಡಿಲವಾಗುತ್ತವೆ, ಹೊಟ್ಟೆಯ ಸ್ನಾಯು ಸೋತಿರುತ್ತದೆ, ಆಮೇಲೆ ಕೂಸನ್ನು ಎತ್ತಿ ಎತ್ತಿ, ಬಗ್ಗಿ ಬಗ್ಗಿ ಹಾಲು ಕೊಟ್ಟು ಸೊಂಟ ಹಿಡಿಯುತ್ತದೆ. ಸಹಜ ಹೆರಿಗೆ ಆದವರಿಗೂ ಇದೇ ಗೋಳು. ಅತ್ತೆಯವರಿಗೂ ಇರಬೇಕಲ್ಲ, ಅವರಿಗೆ ಯಾವ ಸೂಜಿ ಹಾಕಿದ್ದರು, ಕೇಳಿ ನೋಡಿ. (ಜಗಳ ಆದರೆ ನನ್ನ ಹೆಸರು ಹೇಳಬೇಡಿ.)

## ಆಸ್ಪತ್ರೆಯ ಆ ಎರಡು ಮೂರು ದಿನ

ಅರಿವಳಿಕೆ ಔಷಧಿ ಹಾಲಿಗೆ ಇಳಿಯುತ್ತೆ ಅಲ್ವಾ, ಎಷ್ಟು ಗಂಟೆ ಬಿಟ್ಟು ಕುಡಿಸಬೇಕು?

ಒಂದು ಗಂಟೆಯೂ ಬಿಡಬೇಕಿಲ್ಲ. ಬೆನ್ನಿಗೆ ಕೊಟ್ಟ ಔಷಧಿ ಬಹುಪಾಲು ಅಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಚೂರು, ರಕ್ತದಿಂದ ಹಾಲಿಗೆ ಇಳಿಯುವುದು ಅದಕ್ಕಿಂತ ಚೂರು. ಮೇಲಾಗಿ ಮೊದಲ ದಿನ ಕೂಸು ಒಂದು ಸಲಕ್ಕೆ ಕುಡಿಯುವುದೇ ಒಂದು ಚಮಚದಷ್ಟು. ಪೂರ್ತಿ ಅರಿವಳಿಕೆ ಆದವರಿಗೂ ಲೆಕ್ಕ ಇದೇ: ನಿಮಗೆ ಚೆನ್ನಾಗಿ ಎಚ್ಚರವಾಗಿ, ಕೂಸನ್ನು ಹಿಡಿದುಕೊಳ್ಳಲು ಬಂದರೆ ಕುಡಿಸಬಹುದು. ಅಮೆರಿಕ ಮತ್ತು ಬ್ರಿಟನ್ನಿನ ಅರಿವಳಿಕೆ ತಜ್ಞರ ಸಂಘಗಳು ಹೇಳುವುದೂ ಇದನ್ನೇ. 'ಮೊದಲ ಹಾಲು ಹಿಂಡಿ ಚೆಲ್ಲಿ' ಎನ್ನುವವರು ಈಗಲೂ ಇದ್ದಾರೆ. ಆ ಹಳದಿ ಗಿಣ್ಣಿನ ಹಾಲನ್ನು ಚೆಲ್ಲುವುದು ಬಂಗಾರ ಚೆಲ್ಲಿದ ಹಾಗೆ.

ಒಂದು ಮಾತು: ನಿಮಗೇ ಮಂಪರು ಇದ್ದರೆ ಪಕ್ಕದಲ್ಲಿ ಇನ್ನೊಬ್ಬರು ಇರಲೇಬೇಕು. ತಾಯಿ ತೂಕಡಿಸಿ ಕೂಸು ಮಂಚದಿಂದ ಜಾರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಿಸೇರಿಯನ್ ಆದವರಿಗೆ ಹಾಲೇ ಬರಲ್ವಂತೆ?

ಹಾಲು ಬರುವುದು ಮಗು ಯಾವ ದಾರಿಯಿಂದ ಬಂತು ಅನ್ನುವುದರ ಮೇಲಲ್ಲ, ಮಾಸು ಹೊರಗೆ ಬಂದಿತಾ ಅನ್ನುವುದರ ಮೇಲೆ. ಮಾಸು ಬಿದ್ದ ಕೂಡಲೇ ಬಸುರಿನ ಹಾರ್ಮೋನು ಪ್ರೊಜೆಸ್ಟರಾನ್ ಇಳಿಯುತ್ತದೆ, ಆಗ ಹಾಲು ತಯಾರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಕೆಲಸ ಶುರು ಮಾಡುತ್ತದೆ. ಸಿಸೇರಿಯನ್‌ನಲ್ಲೂ ಮಾಸು ತೆಗೆದೇ ಇರುತ್ತಾರಲ್ಲ. ಹಾಲು ತುಂಬಿ ಎದೆ ಭಾರವಾಗುವುದು ಎರಡನೇ ಮೂರನೇ ದಿನ. ಸಿಸೇರಿಯನ್ ಆದ ಕೆಲವರಿಗೆ ಇನ್ನೊಂದು ದಿನ ತಡ ಆಗುತ್ತದೆ. ತಡ ಆಗುವುದಕ್ಕೂ ಕಾರಣಗಳಿವೆ. ಕೂಸನ್ನು ಎದೆಗೆ ಕೊಡುವುದು ತಡ, ನೋವು, ರಕ್ತ ಹೋಗಿರುವುದು, ತಾಯಿ ಒಂದು ಕಡೆ ಮಗು ಒಂದು ಕಡೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ಹಾಲು ಕಂಡ ಮಕ್ಕಳು ಶೇ. 41.8 ಮಾತ್ರ. ಅದೇ ಸಮೀಕ್ಷೆಯಲ್ಲಿ ಖಾಸಗಿ ಆಸ್ಪತ್ರೆಗಳ ಹೆರಿಗೆಯಲ್ಲಿ ಸಿಸೇರಿಯನ್ ಶೇ. 47.4. ಗೋವಾದಲ್ಲಿ ಎಲ್ಲ ಆಸ್ಪತ್ರೆ ಸೇರಿಸಿಯೇ ಶೇ. 39.5. ಇಷ್ಟು ಜನ ತಾಯಂದಿರಿಗೂ ಹಾಲು ಬರುವುದಿಲ್ಲ ಅಂದರೆ ನಂಬುವ ಮಾತಾ?

ನನ್ನ ಮೊದಲನೆಯವನೂ ಸಿಸೇರಿಯನ್ನೇ. ನರ್ಸಿಂಗ್ ಓದಿದವಳು ನಾನು, ಆದರೂ ಆ ರಾತ್ರಿ ಅವನನ್ನು ಬೇರೆ ಕೋಣೆಗೆ ಒಯ್ದು ಬಾಟಲಿ ಹಾಲು ಕುಡಿಸಿದರು, ನನ್ನನ್ನು ಕೇಳಲೂ ಇಲ್ಲ. ಬೆಳಗ್ಗೆ ಹೊಟ್ಟೆ ತುಂಬಿ ಮಲಗಿದ ಮಗು, ಕಲ್ಲಾದ ಎದೆ. ಸರಿಹೋಗಲು ಎಂಟು ದಿನ ಬೇಕಾಯಿತು. ಡಬ್ಬದ ಹಾಲು ನಿಜವಾಗಿ ಬೇಕಾಗುವ ಮಕ್ಕಳಿರುತ್ತಾರೆ, ಸಕ್ಕರೆ ಅಂಶ ಕುಸಿದವು, ತೂಕ ತುಂಬಾ ಇಳಿದವು. ಆಗ ಕೊಡಲಿ. ಆದರೆ 'ಯಾಕೆ ಕೊಡುತ್ತಿದ್ದೀರಿ' ಅಂತ ಕೇಳುವ ಹಕ್ಕು ನಿಮಗಿದೆ. ಡಬ್ಬದ ಹಾಲಿನ ಜಾಹೀರಾತು, ತಾಯಂದಿರಿಗೆ ಪುಕ್ಕಟೆ ಸ್ಯಾಂಪಲ್ ಕೊಡುವುದು ನಮ್ಮ ದೇಶದಲ್ಲಿ 1992ರ ಕಾನೂನಿನ ಪ್ರಕಾರ ಅಪರಾಧ.

ಮಾತ್ರೆ ತಗೊಳ್ಳದೇ ನೋವು ತಡ್ಕೊಂಡರೆ ಮಗುವಿಗೆ ಒಳ್ಳೇದಲ್ವಾ?

ಈ ಪ್ರಶ್ನೆಗಾಗಿಯೇ ಇಷ್ಟೆಲ್ಲ ಬರೆಯಲು ಕೂತಿದ್ದು.

ವಿಜಯಪುರ ಕಡೆಯ ಒಬ್ಬ ಹುಡುಗಿ, ಚೊಚ್ಚಲು. ಮೂರನೇ ದಿನ ಬೆಡ್‌ಶೀಟ್ ಬದಲಿಸುವಾಗ ದಿಂಬಿನ ಕವರಿನೊಳಗಿಂದ ಏಳು ಮಾತ್ರೆ ಉದುರಿದವು. ನಾವು ಕೈಗೆ ಕೊಟ್ಟಿದ್ದೆಲ್ಲ ಬಾಯಿಗೆ ಹೋಗದೆ ಅಲ್ಲಿಗೆ ಸೇರಿತ್ತು. ಬಿಪಿ ನೋಡಿದರೆ ಜಾಸ್ತಿ, ಮುಖದಲ್ಲಿ ಬೆವರು, ಹಲ್ಲು ಕಚ್ಚಿಕೊಂಡು ಕೂತಿದ್ದಾಳೆ. ಮಗು ಅಳುತ್ತಿದೆ. ಎತ್ತಿಕೊಳ್ಳಲು ಬಗ್ಗಿದರೆ ಹೊಲಿಗೆ ಎಳೆಯುತ್ತದೆ, ಅದಕ್ಕೆ ಎತ್ತಿಕೊಳ್ಳುವುದಿಲ್ಲ. ಎತ್ತಿಕೊಳ್ಳದಿದ್ದರೆ ಕುಡಿಸುವುದಿಲ್ಲ. ಕುಡಿಸದಿದ್ದರೆ ಹಾಲು ಎಲ್ಲಿಂದ ಬರಬೇಕು? 'ಸಿಸ್ಟರ್, ಮಾತ್ರೆ ಹಾಲಿಗೆ ಹೋದ್ರೆ ಕೂಸಿಗೆ ಏನಾರ ಆಗ್ತದ ಅಂತ' ಅಂದಳು. ಒಂದು ಡೋಸು ನುಂಗಿಸಿ, ಮುಕ್ಕಾಲು ಗಂಟೆ ಬಿಟ್ಟು ಮಗುವನ್ನು ಪಕ್ಕಕ್ಕೆ ಕೊಟ್ಟೆವು. ಮಲಗಿಕೊಂಡೇ ಕುಡಿಸಿದಳು.

ಆದದ್ದು ಏನು ಅಂದರೆ, ಹಾಲು ತಯಾರಾಗುವುದು ಬೇರೆ, ಇಳಿಯುವುದು ಬೇರೆ. ಇಳಿಸುವುದು ಆಕ್ಸಿಟೋಸಿನ್ ಎಂಬ ಹಾರ್ಮೋನು. ನೋವು, ಭಯ, ಸಿಟ್ಟು ಇದ್ದಾಗ ಅದು ಹಿಂದೇಟು ಹಾಕುತ್ತದೆ. ಕಾಯಿಸಿ ಕಾಯಿಸಿ ಒದೆಯುವ ಎಮ್ಮೆಯನ್ನು ಕರೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮಾತ್ರೆಯಿಂದ ಹಾಲಿಗೆ ಹೋಗುವ ಚೂರಿಗಿಂತ, ಮಾತ್ರೆ ಬಿಟ್ಟದ್ದರಿಂದ ಹಾಲು ಇಳಿಯದೇ ಹೋಗುವುದು ಮಗುವಿಗೆ ದೊಡ್ಡ ನಷ್ಟ. ಇನ್ನೊಂದು, ನೋವಿಗೆ ಹೆದರಿ ಎದ್ದು ಓಡಾಡದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ನೋವು ನೆತ್ತಿಗೇರಿದ ಮೇಲೆ ಮಾತ್ರೆ ಕೇಳಬೇಡಿ, ಹೊತ್ತಿಗೆ ಸರಿಯಾಗಿ ತಗೊಳ್ಳಿ.

ಯಾವ ಮಾತ್ರೆ ಕೊಡ್ತಾರೆ, ಅದರಲ್ಲಿ ಯಾವುದು ಸೇಫ್?

ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೇನ್ ಎರಡೂ ಹಾಲು ಕುಡಿಸುವವರಿಗೆ ಮೊದಲ ಸಾಲಿನವು. ಡೈಕ್ಲೊಫೆನಾಕ್ ಕೂಡ ನಮ್ಮ ಆಸ್ಪತ್ರೆಗಳಲ್ಲಿ ತುಂಬಾ ಬಳಕೆ, ಹಾಲಿಗೆ ಹೋಗುವುದು ಅತಿ ಕಡಿಮೆ. ಅದನ್ನು ಹಿಂದಿನಿಂದ ಇಡುವ ಮಾತ್ರೆಯಾಗಿಯೂ ಕೊಡುತ್ತಾರೆ. ಸಂಕೋಚ ಪಟ್ಟು ಬೇಡ ಎನ್ನುತ್ತೀರಿ, ಆಮೇಲೆ ರಾತ್ರಿಯಿಡೀ ನರಳುತ್ತೀರಿ. ಆ ಸಂಕೋಚಕ್ಕೆ ಬೆಲೆಯಿಲ್ಲ ಮಾರಾಯ್ತಿ, ನಮಗೆ ಅದು ದಿನಕ್ಕೆ ಇಪ್ಪತ್ತು ಸಲ ಮಾಡುವ ಕೆಲಸ.

ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೇನ್ ಅಥವಾ ಡೈಕ್ಲೊಫೆನಾಕ್, ಇವೆರಡೂ ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುವುದರಿಂದ ಸೇರಿ ಕೊಟ್ಟರೆ ಪರಿಣಾಮ ಚೆನ್ನಾಗಿರುತ್ತದೆ. ಆದರೆ ಐಬುಪ್ರೊಫೇನ್ ಮತ್ತು ಡೈಕ್ಲೊಫೆನಾಕ್ ಒಟ್ಟಿಗೆ ಬೇಡ, ಅವೆರಡೂ ಒಂದೇ ಜಾತಿ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಇಂಥ ಮಾತ್ರೆಯಿಂದ ಕೆರಳುವ ಆಸ್ತಮಾ, ಜಾಸ್ತಿ ರಕ್ತ ಹೋಗಿರುವುದು, ಇವೇನಾದರೂ ಇದ್ದರೆ ಬಾಯಿ ಬಿಟ್ಟು ಹೇಳಿ. ನೋವಿಗೆ ಅಂತ ಆಸ್ಪಿರಿನ್, ನಿಮೆಸುಲೈಡ್ ಮನೆಯ ಡಬ್ಬದಿಂದ ತೆಗೆದು ನುಂಗಬೇಡಿ.

ಹಾಲು ಕುಡಿಸಿದಾಗೆಲ್ಲ ಹೊಟ್ಟೆ ಹಿಂಡುತ್ತೆ. ಒಳಗಿನ ಹೊಲಿಗೆ ಬಿಚ್ಚಿತಾ?

ಇಲ್ಲ. ಮಗು ಚೀಪಿದಾಗ ಬರುವ ಆಕ್ಸಿಟೋಸಿನ್ ಹಾಲನ್ನೂ ಇಳಿಸುತ್ತದೆ, ಗರ್ಭಕೋಶವನ್ನೂ ಹಿಂಡಿ ಚಿಕ್ಕದು ಮಾಡುತ್ತದೆ. ಒಳ್ಳೆಯ ಲಕ್ಷಣವೇ. ಎರಡನೇ ಮೂರನೇ ಹೆರಿಗೆಯಲ್ಲಿ ಜಾಸ್ತಿ. ಕುಡಿಸುವ ಅರ್ಧ ಮುಕ್ಕಾಲು ಗಂಟೆ ಮುಂಚೆ ನಿಮ್ಮ ಮಾತ್ರೆಯ ಹೊತ್ತು ಬರುವ ಹಾಗೆ ಹೊಂದಿಸಿಕೊಂಡರೆ ಆರಾಮ.

ಮೂಗೆಲ್ಲ, ಮುಖವೆಲ್ಲ ತುರಿಕೆ. ಅಲರ್ಜಿನಾ?

ಬೆನ್ನಿಗೆ ಕೊಟ್ಟ ಔಷಧಿಯಲ್ಲಿ ಫೆಂಟನಿಲ್ ಅಥವಾ ಮಾರ್ಫಿನ್ ಇದ್ದರೆ ಹೀಗಾಗುತ್ತದೆ, ತಾನೇ ಹೋಗುತ್ತದೆ. ಮೈಮೇಲೆ ಗಂಧೆ ಎದ್ದರೆ, ತುಟಿ ಊದಿದರೆ, ಉಸಿರು ಕಟ್ಟಿದರೆ ಮಾತ್ರ ಅದು ಬೇರೆ ವಿಷಯ, ಬೆಲ್ ಒತ್ತಿ.

ಹೇಗೆ ಹಿಡಿದುಕೊಳ್ಳಲಿ ಅಕ್ಕಾ, ಸರಿಯಾಗಿ ಹೊಲಿಗೆಗೇ ಒದೀತಾನೆ

ತೊಡೆ ಮೇಲೆ ಅಡ್ಡ ಮಲಗಿಸುವುದನ್ನು ಒಂದು ವಾರ ಮರೆತುಬಿಡಿ. ಕೊಡಪಾನವನ್ನು ಸೊಂಟದ ಪಕ್ಕ ಅವಚಿ ಹಿಡಿಯುತ್ತೀರಲ್ಲ, ಹಾಗೆ ಕೂಸನ್ನು ಕಂಕುಳ ಕೆಳಗೆ ತನ್ನಿ. ಕಾಲು ನಿಮ್ಮ ಬೆನ್ನಿನ ಕಡೆ, ತಲೆ ನಿಮ್ಮ ಅಂಗೈಯಲ್ಲಿ, ಕೆಳಗೆ ಎರಡು ದಿಂಬು. ಒದ್ದರೆ ಗೋಡೆಗೆ ಒದೆಯಲಿ. ರಾತ್ರಿ ಇಬ್ಬರೂ ಮಗ್ಗುಲಾಗಿ, ಹೊಟ್ಟೆಗೆ ಹೊಟ್ಟೆ ತಾಗುವ ಹಾಗೆ ಮಲಗಿ ಕುಡಿಸಬಹುದು, ಮಧ್ಯೆ ಹೊಲಿಗೆಯ ಮೇಲೆ ಮಡಚಿದ ಟವೆಲ್ ಇಟ್ಟುಕೊಳ್ಳಿ. ಕೆಮ್ಮು, ಸೀನು, ನಗು ಬಂದಾಗಲೂ ಅದೇ ಟವೆಲ್ ಒತ್ತಿ ಹಿಡಿಯಿರಿ.

ಸಲೈನ್ ಜಾಸ್ತಿ ಹೋಗಿದ್ದರೆ ಮೊಲೆತೊಟ್ಟಿನ ಸುತ್ತ ಊದಿ, ಮಗುವಿಗೆ ಹಿಡಿಯಲು ಸಿಗುವುದಿಲ್ಲ. ಆಗ ಬೆರಳ ತುದಿಯಿಂದ ತೊಟ್ಟಿನ ಬುಡವನ್ನು ಮೆತ್ತಗೆ ಎದೆಗೂಡಿನ ಕಡೆ ಒಂದು ನಿಮಿಷ ಒತ್ತಿ ಹಿಡಿದರೆ ಮೃದುವಾಗುತ್ತದೆ.

ಎದ್ದು ಕೂತರೆ ತಲೆ ಸಿಡಿಯುತ್ತೆ, ಮಲಗಿದರೆ ಹೋಗುತ್ತೆ

ಇದನ್ನು ನಿದ್ದೆಗೆಟ್ಟ ತಲೆನೋವು ಅಂತ ಬಿಡಬೇಡಿ. ಸೂಜಿ ಚುಚ್ಚಿದ ಜಾಗದಿಂದ ಬೆನ್ನುಹುರಿ ಸುತ್ತಲಿನ ನೀರು ಸೋರಿದರೆ ಹೀಗೆ ಆಗುತ್ತದೆ. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಈ ಅರಿವಳಿಕೆಯನ್ನು ತನ್ನ ಮೇಲೆ, ತನ್ನ ಸಹಾಯಕನ ಮೇಲೆ ಪರೀಕ್ಷೆ ಮಾಡಿಕೊಂಡಾಗ ಇಬ್ಬರಿಗೂ ತಲೆನೋವು ಬಂತು, ಬಿಯರ್ ದಿನಗಟ್ಟಲೆ ಹಾಸಿಗೆ ಹಿಡಿದ. ಈಗಿನ ಸೂಜಿ ಅದಕ್ಕಿಂತ ಎಷ್ಟೋ ಸಪೂರ, ಹಾಗಾಗಿ ಅಪರೂಪ. 'ದಿಂಬು ಇಡಬೇಡಿ, ಇಪ್ಪತ್ತನಾಲ್ಕು ಗಂಟೆ ಅಂಗಾತ ಮಲಗಿ' ಅಂತ ಹೇಳುತ್ತಾರಲ್ಲ, ಅದರಿಂದ ಈ ತಲೆನೋವು ಬರದಂತೆ ತಡೆಯಲು ಆಗುವುದಿಲ್ಲ. ಬಂದರೆ ಅರಿವಳಿಕೆ ಡಾಕ್ಟರಿಗೇ ಹೇಳಿ ಕಳಿಸಿ. ಮಾತ್ರೆ, ಕಾಫಿ, ನೀರು, ವಿಶ್ರಾಂತಿಯಲ್ಲಿ ಹೆಚ್ಚಿನವು ಹೋಗುತ್ತವೆ. ಹೋಗದಿದ್ದರೆ ನಿಮ್ಮದೇ ಸ್ವಲ್ಪ ರಕ್ತ ತೆಗೆದು ಅದೇ ಜಾಗದ ಹತ್ತಿರ ಹಾಕಿ ತೂತು ಮುಚ್ಚುತ್ತಾರೆ. ಅಲ್ಲಿಯವರೆಗೆ ಮಲಗಿಯೇ ಹಾಲು ಕೊಡಿ. ಜೊತೆಗೆ ಕಣ್ಣು ಮಂಜಾದರೆ, ಬಿಪಿ ಏರಿದರೆ, ಜ್ವರ ಬಂದರೆ ಕಾಯಲೇಬೇಡಿ.

## ಮನೆಗೆ ಬಂದ ಮೇಲೆ

ಡೋಲೋನೂ ಕಾಂಬಿಫ್ಲಾಮೂ ಎರಡೂ ಮನೇಲಿದೆ, ಎರಡೂ ತಗೋಬಹುದಾ?

ಇಲ್ಲೇ ಜನ ಎಡವುವುದು. ಡೋಲೋ 650, ಕ್ರೋಸಿನ್ ಎರಡೂ ಪ್ಯಾರಾಸಿಟಮಾಲ್. ಕಾಂಬಿಫ್ಲಾಮ್ ಒಂದರಲ್ಲಿ ಐಬುಪ್ರೊಫೇನ್ 400 ಮಿಲಿಗ್ರಾಂ ಜೊತೆ ಪ್ಯಾರಾಸಿಟಮಾಲ್ 325 ಮಿಲಿಗ್ರಾಂ ಇದೆ. ದಿನಕ್ಕೆ ಡೋಲೋ ನಾಲ್ಕು ಅಂದರೆ 2600, ಕಾಂಬಿಫ್ಲಾಮ್ ಮೂರು ಅಂದರೆ ಇನ್ನೂ 975. ಒಟ್ಟು 3575. ಆಮೇಲೆ ನೆಗಡಿಗೆ ಅಂತ ಒಂದು ಮಾತ್ರೆ, ಅದರೊಳಗೂ ಪ್ಯಾರಾಸಿಟಮಾಲ್. ದಿನದ ಮಿತಿ 4000, ತೂಕ 50 ಕೆಜಿಗಿಂತ ಕಡಿಮೆ ಇದ್ದವರಿಗೆ ಇನ್ನೂ ಕಡಿಮೆ. ದಾಟಿದರೆ ಏಟು ಬೀಳುವುದು ಲಿವರಿಗೆ. ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ, ಅಥವಾ ಮೆಡಿಕಲ್‌ನವನಿಗೆ ಚೀಟಿ ತೋರಿಸಿ 'ಇದರಲ್ಲಿ ಯಾವ್ಯಾವುದರಲ್ಲಿ ಪ್ಯಾರಾಸಿಟಮಾಲ್ ಇದೆ' ಅಂತ ಕೇಳಿ.

ಅಮ್ಮ ಅಂಟಿನುಂಡೆ ಕಳಿಸಿದ್ದಾರೆ, ಪಕ್ಕದ ಮನೆ ಕಾಕು ಅಳೀವ್ (ಆಳ್ವಿ ಬೀಜ) ಲಾಡು ಕೊಟ್ಟರು. ತಿಂದರೆ ನೋವು ಹೋಗಿ ಹಾಲು ಜಾಸ್ತಿ ಆಗುತ್ತಾ?

ತಿನ್ನಿ, ಎರಡೂ ಊರಿನ ಪ್ರೀತಿ ಸಿಕ್ಕಿದೆ. ತುಪ್ಪ, ಬೆಲ್ಲ, ಕೊಬ್ಬರಿ ಹಾಕಿದ ತಿನಿಸು ಶಕ್ತಿ ಕೊಡುತ್ತದೆ. ಆದರೆ ನೋವಿನ ಮಾತ್ರೆಯ ಜಾಗಕ್ಕೆ ಲಾಡು ಬರುವುದಿಲ್ಲ. ಹಾಲು ಜಾಸ್ತಿ ಆಗುವುದು ಮಗು ಎಷ್ಟು ಸಲ ಚೀಪಿ ಖಾಲಿ ಮಾಡುತ್ತದೆ ಅನ್ನುವುದರಿಂದ.

ನನಗೆ ತಕರಾರು ಇರುವುದು ಬೇರೆ ಕಡೆ. ಬಾಣಂತಿಗೆ ನೀರು ಕೊಡಬಾರದು, ಹೊಟ್ಟೆ ದಪ್ಪ ಆಗುತ್ತೆ ಅಂತಾರಲ್ಲ, ಅದು. ನೀರು ಕಡಿಮೆಯಾಗಿ ಮಲಬದ್ಧತೆ ಆಗುತ್ತದೆ, ಮುಕ್ಕಿದರೆ ಹೊಲಿಗೆ ನೋಯುತ್ತದೆ, ನೋವಿಗೆ ಹೆದರಿ ಮತ್ತೆ ತಡೆಹಿಡಿಯುತ್ತೀರಿ. ಬಾಯಾರಿದಷ್ಟು ಕುಡಿಯಿರಿ. ಹೊಟ್ಟೆಗೆ ಬಟ್ಟೆ ಕಟ್ಟುವುದು ಆಧಾರಕ್ಕೆ ಚೆನ್ನಾಗಿರುತ್ತದೆ, ಉಸಿರು ಕಟ್ಟುವಷ್ಟು ಬಿಗಿ ಬೇಡ, ಗಾಯ ಒದ್ದೆ ಇರಬಾರದು. ಒಂದೇ ಕೋಣೆಯ ಮನೆಯಲ್ಲಿ ಕಿಟಕಿ ಮುಚ್ಚಿ ಕೆಂಡದ ಹೊಗೆ ಹಾಕುವುದು ಮಾತ್ರ ಬೇಡವೇ ಬೇಡ.

ಮಗು ಯಾವಾಗ ನೋಡಿದ್ರೂ ನಿದ್ದೆ. ನನ್ನ ಮಾತ್ರೆಯಿಂದಾನಾ?

ಹುಟ್ಟಿದ ಮಕ್ಕಳು ದಿನದ ಮುಕ್ಕಾಲು ಪಾಲು ನಿದ್ದೆಯಲ್ಲೇ ಇರುತ್ತವೆ. ನೋಡಬೇಕಾದ್ದು ಎದ್ದಾಗ ಹೇಗಿದೆ ಅಂತ. ಎರಡು ಮೂರು ಗಂಟೆಗೆ ಒಮ್ಮೆ ಎದ್ದು ಗಟ್ಟಿಯಾಗಿ ಚೀಪಿ, ಐದನೇ ದಿನದ ಹೊತ್ತಿಗೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ ಚಿಂತೆ ಇಲ್ಲ. ಅಂಗಾಲು ಉಜ್ಜಿ ಎಬ್ಬಿಸಿದರೂ ಏಳದಿದ್ದರೆ, ಒದ್ದೆ ಬಟ್ಟೆಯ ಹಾಗೆ ಮೈ ಜೋತುಬಿದ್ದರೆ, ಉಸಿರು ನಿಧಾನವಾದರೆ, ತುಟಿ ನೀಲಿಯಾದರೆ ತಕ್ಷಣ ಆಸ್ಪತ್ರೆ. ರಿಕ್ಷಾದಲ್ಲಿ ಕೂತ ಮೇಲೆ ನನಗೆ ಫೋನ್ ಮಾಡಿ, ಅದಕ್ಕೂ ಮುಂಚೆ ಬೇಡ. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಗುವಿಗೆ ಹೀಗೆ ಮಾಡುವುದಿಲ್ಲ. ಸಂಶಯ ಪಡಬೇಕಾದ್ದು ಮುಂದೆ ಹೇಳುವ ಟ್ರಾಮಡಾಲ್, ಕೋಡೀನ್ ಜಾತಿಯ ಮೇಲೆ.

## ಸ್ವಲ್ಪ ಗಟ್ಟಿ ಪ್ರಶ್ನೆಗಳು

ಡಿಸ್ಚಾರ್ಜ್ ಚೀಟಿಯಲ್ಲಿ ಟ್ರಾಮಡಾಲ್ ಇದೆ. ಗೂಗಲ್ ನೋಡಿ ಎದೆ ಧಸಕ್ಕೆಂದಿತು

ಪುಣೆ ಹಿಂಜೆವಾಡಿಯ ಐಟಿ ಹುಡುಗಿಯರು ಇದನ್ನೇ ಜಾಸ್ತಿ ಕೇಳುವುದು, ಅವರು ಚೀಟಿ ಓದುತ್ತಾರೆ. ಟ್ರಾಮಡಾಲ್, ಕೋಡೀನ್ ಎರಡೂ ಅಫೀಮಿನ ಜಾತಿಯ ಗಟ್ಟಿ ನೋವಿನ ಔಷಧಿಗಳು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹಾಲು ಕುಡಿಸುವ ತಾಯಂದಿರು ಕೋಡೀನ್ ಮತ್ತು ಟ್ರಾಮಡಾಲ್ ತಗೊಳ್ಳುವುದು ಬೇಡ ಅಂತ ಎಚ್ಚರಿಕೆ ಕೊಟ್ಟಿದೆ. ಕಾರಣ ಲಿವರಿನ ಒಂದು ಕಿಣ್ವ, ಸಿವೈಪಿ2ಡಿ6. ಈ ಎರಡು ಔಷಧಿಗಳೂ ಪೂರ್ತಿ ಬಲ ಪಡೆಯುವುದು ಆ ಕಿಣ್ವ ಅವನ್ನು ಬದಲಿಸಿದ ಮೇಲೆ. ಕೆಲವರಲ್ಲಿ ಹುಟ್ಟಿನಿಂದಲೇ ಅದು ಅತಿ ಚುರುಕು. ಅಂಥವರ ರಕ್ತದಲ್ಲಿ, ಹಾಲಿನಲ್ಲಿ ಅಂದಾಜಿಗಿಂತ ಜಾಸ್ತಿ ಬಲದ ಔಷಧಿ ಸೇರಿ ಮಗುವಿಗೆ ಮಂಪರು, ಉಸಿರಿನ ತೊಂದರೆ ಆಗಬಹುದು. ನೀವು ಅಂಥವರಾ ಅಲ್ಲವಾ ಅಂತ ಮುಖ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ.

ಹಾಗಂತ ಆಸ್ಪತ್ರೆಯಲ್ಲಿ ಒಂದೆರಡು ಡೋಸ್ ಕೊಟ್ಟಿದ್ದರೆ ಗಾಬರಿ ಬೇಡ. ಹಾಲಿಗೆ ಹೋಗುವ ಪ್ರಮಾಣ ಕಡಿಮೆಯೇ, ನೋಡುವವರೂ ಅಲ್ಲೇ ಇರುತ್ತಾರೆ. ನನ್ನ ತಕರಾರು ಮನೆಗೆ ಐದು ದಿನದ ಮಾತ್ರೆ ಬರೆದುಕೊಡುವುದರ ಬಗ್ಗೆ, ಅದೂ ಪ್ಯಾರಾಸಿಟಮಾಲ್ ಜೊತೆ ಬೆರೆತ ಮಾತ್ರೆಯಾಗಿ, ತಾಯಿಗೆ ಏನೂ ಹೇಳದೆ. ನೀವಾಗಿ ನಿಲ್ಲಿಸಿ ನೋವು ತಿನ್ನಬೇಡಿ. 'ನಾನು ಹಾಲು ಕುಡಿಸುತ್ತಿದ್ದೇನೆ, ಇದರ ಬದಲು ಬೇರೆ ಕೊಡಬಹುದಾ' ಅಂತ ಡಾಕ್ಟರನ್ನು ಕೇಳಿ. ಪೆಥಿಡಿನ್ ಇಂಜೆಕ್ಷನ್ನೂ ಪದೇ ಪದೇ ಬೇಡ, ಅದು ಮೈಯಲ್ಲಿ ಒಡೆದು ಆಗುವ ವಸ್ತು ಮಗುವಿನಲ್ಲಿ ತುಂಬಾ ಹೊತ್ತು ನಿಲ್ಲುತ್ತದೆ.

ಎಷ್ಟು ಔಷಧಿ ಹಾಲಿಗೆ ಹೋಗುತ್ತೆ ಅನ್ನೋದನ್ನ ಹೇಗೆ ಲೆಕ್ಕ ಹಾಕ್ತಾರೆ?

ತಾಯಿಯ ಒಂದು ಕಿಲೋ ತೂಕಕ್ಕೆ ಎಷ್ಟು ಔಷಧಿ ಹೋಯಿತು, ಹಾಲಿನ ಮೂಲಕ ಮಗುವಿನ ಒಂದು ಕಿಲೋ ತೂಕಕ್ಕೆ ಎಷ್ಟು ಹೋಯಿತು, ಇವೆರಡನ್ನು ಹೋಲಿಸುತ್ತಾರೆ. ಶೇ. 10ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಪರವಾಗಿಲ್ಲ ಎನ್ನುತ್ತಾರೆ. ಐಬುಪ್ರೊಫೇನ್ ಶೇ. 1ಕ್ಕಿಂತಲೂ ಕಡಿಮೆ. ಅದು ರಕ್ತದ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಹಾಲಿಗೆ ಜಾರಲು ಬಿಡುವೇ ಇಲ್ಲ. ಆದರೆ ಈ ಅಂಕಿ ಒಂದೇ ಸಾಲದು, ಟ್ರಾಮಡಾಲ್ ಕೂಡ ಶೇ. 10ರ ಒಳಗೇ ಬರುತ್ತದೆ. ಅಮೆರಿಕದ ಲ್ಯಾಕ್ಟ್‌ಮೆಡ್ ಎಂಬ ಪುಕ್ಕಟೆ ಮಾಹಿತಿಕೋಶದಲ್ಲಿ ಔಷಧಿಯ ಹೆಸರು ಹಾಕಿದರೆ ವಿವರ ಸಿಗುತ್ತದೆ. ಕಂಪನಿಯ ಹೆಸರಲ್ಲ, ಒಳಗಿರುವ ಔಷಧಿಯ ಹೆಸರು ಹಾಕಬೇಕು. ಔಷಧಿ ಡಬ್ಬಿಯ ಚೀಟಿಯಲ್ಲಿ 'ಹಾಲುಣಿಸುವವರಿಗೆ ಬೇಡ' ಅಂತ ಕಂಡ ಕಂಡದ್ದಕ್ಕೆಲ್ಲ ಬರೆದಿರುತ್ತಾರೆ, ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

'ಟ್ಯಾಪ್ ಬ್ಲಾಕ್' ಅಂತ ಎಕ್ಸ್‌ಟ್ರಾ ಚಾರ್ಜ್ ಹೇಳಿದ್ರು, ಬೇಕಾ ಅದು?

ಹೊಟ್ಟೆಯ ಪಕ್ಕದ ಸ್ನಾಯುಗಳ ನಡುವೆ ಮರಗಟ್ಟಿಸುವ ಔಷಧಿ ಹಾಕಿ ಹೊಲಿಗೆಯ ಕಡೆಗೆ ಹೋಗುವ ನರಗಳನ್ನು ಕೆಲವು ಗಂಟೆ ಸುಮ್ಮನಾಗಿಸುವುದು ಅದು. ಸೋನೋಗ್ರಫಿ ಯಂತ್ರ ನೋಡಿಕೊಂಡು ಹಾಕುತ್ತಾರೆ. ಹಾಲಿಗೆ ತೊಂದರೆ ಇಲ್ಲ. ಬೆನ್ನಿನ ಔಷಧಿಯಲ್ಲೇ ಮಾರ್ಫಿನ್ ಸೇರಿಸಿದ್ದರೆ ಅದು ಅರ್ಧ ದಿನಕ್ಕಿಂತ ಜಾಸ್ತಿ ನೋವು ತಡೆಯುತ್ತದೆ, ಆಗ ಈ ಬ್ಲಾಕ್‌ನಿಂದ ಹೆಚ್ಚಿನ ಲಾಭ ಇಲ್ಲ. ಮಾರ್ಫಿನ್ ಇಲ್ಲದಿದ್ದರೆ, ಪೂರ್ತಿ ಅರಿವಳಿಕೆ ಆಗಿದ್ದರೆ ಉಪಯೋಗ ಇದೆ. ಹಾಗಾಗಿ ಮೊದಲು ಕೇಳಬೇಕಾದ್ದು, 'ಬೆನ್ನಿಗೆ ಕೊಡುವುದರಲ್ಲಿ ಮಾರ್ಫಿನ್ ಇರುತ್ತಾ?' ಗರ್ಭಕೋಶ ಹಿಂಡುವ ನೋವಿಗೆ ಬ್ಲಾಕ್ ಏನೂ ಮಾಡುವುದಿಲ್ಲ, ಮಾತ್ರೆ ಬೇಕೇ ಬೇಕು.

ಮಗು ಎನ್‌ಐಸಿಯುನಲ್ಲಿ (ಹುಟ್ಟಿದ ಮಕ್ಕಳ ಐಸಿಯು) ಇದೆ, ನನಗೆ ನೋವಿನ ಇಂಜೆಕ್ಷನ್ ನಡೀತಿದೆ. ಹಾಲು ಹಿಂಡಿ ಕೊಡಬಹುದಾ?

ಕೊಡಬಹುದು, ಕೊಡಲೇಬೇಕು. ಆದಷ್ಟು ಬೇಗ, ಆರು ಗಂಟೆಯೊಳಗಾದರೂ ಕೈಯಿಂದ ಹಿಂಡಲು ಶುರು ಮಾಡಿ, ದಿನಕ್ಕೆ ಎಂಟು ಸಲ, ರಾತ್ರಿ ಒಮ್ಮೆಯಾದರೂ. ಮೊದಲ ದಿನ ಪಂಪಿಗೆ ಏನೂ ಬರುವುದಿಲ್ಲ, ಗಿಣ್ಣಿನ ಹಾಲು ಮಂದ. ಬೆರಳಿನಿಂದ ಹಿಂಡಿ ಸಿರಿಂಜಿನಲ್ಲಿ ಹನಿ ಹನಿ ಹಿಡಿದುಕೊಳ್ಳಬೇಕು. ಅರ್ಧ ಎಂಎಲ್ ಬಂದರೂ ನಾಚಿಕೆ ಪಡದೆ ಕಳಿಸಿ. ನಿಮಗೆ ಯಾವ ಇಂಜೆಕ್ಷನ್ ನಡೆಯುತ್ತಿದೆ ಅಂತ ಮಕ್ಕಳ ಡಾಕ್ಟರಿಗೆ ತಿಳಿಸಿ, ತಿಂಗಳು ತುಂಬದ ಕೂಸಿಗೆ ಔಷಧಿ ಕರಗಿಸುವ ಶಕ್ತಿ ಕಡಿಮೆ.

ನಿಮ್ಮ ಹಾಲು ಬರುವವರೆಗೆ ಬೇರೆ ತಾಯಂದಿರ ಹಾಲೂ ಸಿಗುವ ಊರು ನಮ್ಮದು. ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕ್ ಶುರುವಾಗಿದ್ದು ಇಲ್ಲೇ, ಮುಂಬೈಯ ಸಯನ್ ಆಸ್ಪತ್ರೆಯಲ್ಲಿ, 1989ರಲ್ಲಿ, ಡಾ. ಆರ್ಮಿಡಾ ಫರ್ನಾಂಡಿಸ್ ಅವರಿಂದ. ದಾನ ಬಂದ ಹಾಲನ್ನು ಬಿಸಿ ಮಾಡಿ, ಪರೀಕ್ಷೆ ಮಾಡಿಯೇ ಕೊಡುತ್ತಾರೆ.

ಎರಡನೇ ಸಲ ಸಿಸೇರಿಯನ್ ಡೇಟ್ ಕೊಟ್ಟಿದ್ದಾರೆ. ಈ ಸಲ ಮೊದಲೇ ಏನು ಕೇಳಿಟ್ಟುಕೊಳ್ಳಲಿ?

ಅರಿವಳಿಕೆ ಡಾಕ್ಟರ್ ಹಿಂದಿನ ದಿನ ಬಂದು ಮಾತಾಡುತ್ತಾರೆ, ಐದೇ ನಿಮಿಷ. ಆಗ ಹೋದ ಸಲ ವಾಂತಿ, ನಡುಕ, ತಲೆನೋವು ಏನಾಗಿತ್ತು ಅಂತ ಮೊದಲು ಹೇಳಿ. ಆಮೇಲೆ ಕೇಳಿ: ಬೆನ್ನಿನ ಪರಿಣಾಮ ಇಳಿದ ಮೇಲೆ ಯಾವ ಔಷಧಿ, ಎಷ್ಟು ಹೊತ್ತಿಗೊಮ್ಮೆ? ಕೇಳಿದರೆ ಮಾತ್ರ ಕೊಡುವುದಾ, ತಾವಾಗಿಯೇ ಕೊಡುವುದಾ? ಹೊಲಿಗೆ ಹಾಕುತ್ತಿರುವಾಗಲೇ ಮಗುವನ್ನು ಎದೆಯ ಮೇಲೆ ಇಡುತ್ತೀರಾ? ಇಸಿಜಿ ಪಟ್ಟಿಗಳನ್ನು ಎದೆಯ ನಡುವೆ ಬಿಟ್ಟು ಪಕ್ಕಕ್ಕೆ ಅಂಟಿಸಿ ಅಂದರೆ ಜಾಗ ಆಗುತ್ತದೆ, ಹೆಚ್ಚಿನ ಡಾಕ್ಟರುಗಳು ಒಪ್ಪುತ್ತಾರೆ.

ಆಮೇಲೆ ರಾತ್ರಿ ಜೊತೆಗೆ ಯಾರು ಅನ್ನುವುದು. ಜನರಲ್ ವಾರ್ಡುಗಳಲ್ಲಿ ಸಾಮಾನ್ಯವಾಗಿ ಗಂಡಸರನ್ನು ರಾತ್ರಿ ಬಿಡುವುದಿಲ್ಲ. ಅಮ್ಮ ಹುಬ್ಬಳ್ಳಿಯಿಂದ ಬರುವುದು ಎರಡು ದಿನ ತಡ ಅಂದರೆ, ಪಕ್ಕದ ಮನೆಯವರನ್ನೋ ನಾದಿನಿಯನ್ನೋ ಈಗಲೇ ಕೇಳಿಡಿ. ಮಧ್ಯರಾತ್ರಿ ಕೂಸನ್ನು ತೊಟ್ಟಿಲಿನಿಂದ ಎತ್ತಿ ನಿಮ್ಮ ಕಂಕುಳಿಗೆ ತಲುಪಿಸುವ ಎರಡು ಕೈ ಬೇಕು. ಅವರಿಗೆ ಬೇರೇನೂ ಗೊತ್ತಿರಬೇಕಾಗಿಲ್ಲ.